ಕಪ್ಪುಕುಳಿಯ ವಿಕಿರಣವನ್ನು ಎರಡು ಶಾಯಿಗಳಲ್ಲಿ ಲೆಕ್ಕ ಹಾಕುವ ವಿಧಾನ

ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತವೂ ಕ್ವಾಂಟಂ ಸಿದ್ಧಾಂತವೂ ಒಂದಕ್ಕೊಂದು ಹೊಂದುವುದಿಲ್ಲ ಎಂಬ ಮಾತು ಭೌತವಿಜ್ಞಾನ ಓದುವ ಎಲ್ಲರ ಕಿವಿಗೂ ಬಿದ್ದಿರುತ್ತದೆ. ಯಾವ ಲೆಕ್ಕದ ಯಾವ ಸಾಲಿನಲ್ಲಿ ಹೊಂದುವುದಿಲ್ಲ ಎಂದು ಕೇಳಿದರೆ ಮಾತ್ರ ಉತ್ತರ ಸುಲಭವಾಗಿ ಬರುವುದಿಲ್ಲ. ಧಾರವಾಡದ ಸಪ್ತಾಪುರದ ಕೋಣೆಯೊಂದರಲ್ಲಿ ಭಾನುವಾರ ಸಂಜೆ ಸೇರುವ, ಗದಗ, ಹಾವೇರಿ, ನವಲಗುಂದಗಳಿಂದ ಬಂದು ಇಲ್ಲಿ ಓದುತ್ತಿರುವ ಎಂಎಸ್ಸಿ ವಿದ್ಯಾರ್ಥಿಗಳೊಂದಿಗೆ ಹಾಕಿಂಗ್ ವಿಕಿರಣದ, ಅಂದರೆ ಕಪ್ಪುಕುಳಿಯು ಬಿಸಿ ವಸ್ತುವಿನಂತೆ ಹೊಮ್ಮಿಸುವ ವಿಕಿರಣದ, ಲೆಕ್ಕವನ್ನು ಮಾಡುತ್ತ ಬಂದಂತೆ ನನಗೆ ಮನವರಿಕೆಯಾದದ್ದು ಇಷ್ಟು: ಎರಡು ಸಿದ್ಧಾಂತಗಳನ್ನು ಹೊಂದಿಸುವ ಕೆಲಸ ಒಂದು ದೊಡ್ಡ ಸಮೀಕರಣದಿಂದ ಆರಂಭವಾಗುವುದಿಲ್ಲ, ಪ್ರತಿ ಹೆಜ್ಜೆಯಲ್ಲಿ ಯಾವ ಸಿದ್ಧಾಂತದಿಂದ ಏನನ್ನು ಪಡೆದೆವು ಎಂಬ ಲೆಕ್ಕವನ್ನು ಪ್ರಾಮಾಣಿಕವಾಗಿ ಇಡುವುದರಿಂದ ಆರಂಭವಾಗುತ್ತದೆ. ಈ ಬರಹ ಆ ಲೆಕ್ಕವನ್ನು ಇಡುವ ಬಗೆಯನ್ನು ಹೇಳುತ್ತದೆ. ಬಿಎಸ್ಸಿ ಮಟ್ಟದ ಕ್ವಾಂಟಂ ಮತ್ತು ಉಷ್ಣಬಲವಿಜ್ಞಾನ, ಶ್ವಾರ್ಟ್ಸ್‌ಚೈಲ್ಡ್ ಮೆಟ್ರಿಕ್‌ನ ಪರಿಚಯ, ಎರಡು ಬಣ್ಣದ ಪೆನ್ನು ಇದ್ದರೆ ಸಾಕು.

ಗುರುತ್ವದಿಂದ, ಅಂದರೆ ಬಾಗಿದ ದೇಶಕಾಲದ ಜ್ಯಾಮಿತಿಯಿಂದ ಬಂದ ಪ್ರತಿಯೊಂದು ಹೇಳಿಕೆಯನ್ನೂ ನೀಲಿ ಶಾಯಿಯಲ್ಲಿ ಬರೆಯಿರಿ. ಕ್ವಾಂಟಂ ಕ್ಷೇತ್ರಗಳಿಂದ ಬಂದದ್ದನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ಯಾವ ಬಣ್ಣ ಎಂದು ತೀರ್ಮಾನಿಸಲು ಆಗದ ಸಾಲು ಬಂದರೆ ಅದನ್ನು ಪೆನ್ಸಿಲ್‌ನಲ್ಲಿ ಬರೆದು ಅಂಚಿನಲ್ಲಿ ಗೆರೆ ಎಳೆಯಿರಿ. ಕೊನೆಗೆ ಆ ಪೆನ್ಸಿಲ್ ಸಾಲುಗಳೇ ನಿಮ್ಮ ನಿಜವಾದ ಪಠ್ಯವಾಗುತ್ತವೆ.

ಮೊದಲು ಬದಿಗಿಡಬೇಕಾದ ಚಿತ್ರ

ಬಹುತೇಕರು ಕೇಳಿರುವ ವಿವರಣೆ ಹೀಗಿದೆ: ಘಟನಾ ದಿಗಂತದ (ದಾಟಿದರೆ ಬೆಳಕೂ ಮರಳಲಾರದ ಗಡಿಯ) ಅಂಚಿನಲ್ಲಿ ಕಣ ಮತ್ತು ಪ್ರತಿಕಣದ ಜೋಡಿ ಹುಟ್ಟುತ್ತದೆ, ಒಂದು ಒಳಗೆ ಬೀಳುತ್ತದೆ, ಇನ್ನೊಂದು ಪಾರಾಗುತ್ತದೆ. ಹಾಕಿಂಗ್ ಅವರೇ ಇಂಥ ಚಿತ್ರವನ್ನು ಬಳಸಿದ್ದುಂಟು, ಆದರೆ ಅವರ ಲೆಕ್ಕ ಅದರ ಮೇಲೆ ನಿಂತಿಲ್ಲ. ಚಿತ್ರದ ಇತಿಮಿತಿಯನ್ನು ಒಂದೇ ಅಂಕಿಯಿಂದ ತಿಳಿಯಬಹುದು. ಸೂರ್ಯನಷ್ಟು ದ್ರವ್ಯರಾಶಿಯ ಕಪ್ಪುಕುಳಿಯ ದಿಗಂತದ ತ್ರಿಜ್ಯ ಸುಮಾರು 2.95 ಕಿ.ಮೀ. ಅಂದರೆ ಸೂರ್ಯನ ಅರ್ಧದಷ್ಟು ದ್ರವ್ಯರಾಶಿಯ ಕಪ್ಪುಕುಳಿಯ ತ್ರಿಜ್ಯ ಹುಬ್ಬಳ್ಳಿ ರೈಲು ನಿಲ್ದಾಣದ 1507 ಮೀಟರ್ ಪ್ಲಾಟ್‌ಫಾರ್ಮಿನ ಉದ್ದಕ್ಕೆ ಹತ್ತಿರ ಹತ್ತಿರ ಸಮ. ಸೂರ್ಯನಷ್ಟು ಭಾರದ ಕುಳಿ ಹೊಮ್ಮಿಸುವ ವಿಕಿರಣದ ಪ್ರಧಾನ ತರಂಗಾಂತರವನ್ನು ವೀನ್ ನಿಯಮದಿಂದ ಕಂಡುಹಿಡಿದರೆ ಅದು ಸುಮಾರು 47 ಕಿ.ಮೀ. ಬರುತ್ತದೆ, ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವಿನ ದೂರದ ಎರಡು ಪಟ್ಟಿಗೂ ಹೆಚ್ಚು. ದಿಗಂತದ ತ್ರಿಜ್ಯದ ಸುಮಾರು ಹದಿನಾರು ಪಟ್ಟು ಉದ್ದವಿರುವ ತರಂಗವನ್ನು ದಿಗಂತದ ಅಂಚಿನ ಒಂದು ಬಿಂದುವಿನಲ್ಲಿ ಹುಟ್ಟಿದ ಪುಟ್ಟ ಕಣವೆಂದು ಹೇಳುವುದಕ್ಕೆ ಅರ್ಥವಿಲ್ಲ. ವಿಕಿರಣವು ಇಡೀ ಕುಳಿಯ ಮತ್ತು ಅದರ ಸುತ್ತಲಿನ ಪ್ರದೇಶದ ಗುಣ. ಆದ್ದರಿಂದ ಜೋಡಿಕಣಗಳ ಚಿತ್ರವನ್ನು ವಿದ್ಯಾರ್ಥಿಗಳಿಗೆ ಹೇಳಲೇಬೇಕಾದರೆ ಈ ಅಂಕಿಯನ್ನೂ ಜೊತೆಗೇ ಹೇಳಿ.

ಉಷ್ಣತೆಯನ್ನು ಕೈಯಾರೆ ಪಡೆಯುವುದು

ಆಯಾಮ ವಿಶ್ಲೇಷಣೆಯಿಂದ ಆರಂಭಿಸುವುದು ಒಳ್ಳೆಯದು, ಆದರೆ ಅದರಿಂದ ಮಾತ್ರ ಕೆಲಸ ಮುಗಿಯುವುದಿಲ್ಲ. ಗುರುತ್ವ ಸ್ಥಿರಾಂಕವನ್ನು ದ್ರವ್ಯರಾಶಿಯ ವರ್ಗದಿಂದ ಗುಣಿಸಿ, ಅದನ್ನು ಪ್ಲಾಂಕ್ ಸ್ಥಿರಾಂಕ ಮತ್ತು ಬೆಳಕಿನ ವೇಗಗಳ ಗುಣಲಬ್ಧದಿಂದ ಭಾಗಿಸಿದರೆ ಆಯಾಮವಿಲ್ಲದ ಸಂಖ್ಯೆ ಸಿಗುತ್ತದೆ. ಹೀಗಿರುವಾಗ ಉಷ್ಣತೆಯ ಸೂತ್ರಕ್ಕೆ ಈ ಸಂಖ್ಯೆಯ ಯಾವ ಘಾತವನ್ನು ಬೇಕಾದರೂ ಸೇರಿಸಬಹುದು. ಹೆಚ್ಚಿನ ಒಂದು ಭೌತಿಕ ಮಾತು ಬೇಕು: ವಿಕಿರಣದ ತರಂಗಾಂತರವನ್ನು ನಿರ್ಧರಿಸುವ ಉದ್ದ ದಿಗಂತದ ತ್ರಿಜ್ಯವೊಂದೇ. ಈ ಸಾಲನ್ನು ನೀಲಿಯಲ್ಲಿ ಬರೆಯಿರಿ. ಅದನ್ನು ಒಪ್ಪಿದರೆ ಉಷ್ಣತೆಯು ದ್ರವ್ಯರಾಶಿಗೆ ವಿಲೋಮವಾಗಿರಬೇಕು ಎಂಬುದು ತಾನಾಗಿ ಬರುತ್ತದೆ. ಹಾಕಿಂಗ್ ಸೂತ್ರದ ಛೇದದಲ್ಲಿರುವ 8 ಪೈ ಎಂಬ ಗುಣಕ ಮಾತ್ರ ಬರುವುದಿಲ್ಲ.

ಆ ಗುಣಕಕ್ಕಾಗಿ 1976ರಲ್ಲಿ ಭೌತವಿಜ್ಞಾನಿ ವಿಲಿಯಂ ಅನ್ರು ಪ್ರಕಟಿಸಿದ ಫಲಿತಾಂಶವನ್ನು ತೆಗೆದುಕೊಳ್ಳಿ. ಸಮವಾಗಿ ವೇಗೋತ್ಕರ್ಷಗೊಳ್ಳುತ್ತಿರುವ ವೀಕ್ಷಕನಿಗೆ ನಿರ್ವಾತವೇ ಬೆಚ್ಚಗೆ ಕಾಣುತ್ತದೆ. ಅದರ ಉಷ್ಣತೆಯನ್ನು ಪಡೆಯಲು 2 ಪೈಯಿಂದ ಭಾಗಿಸಿದ ಪ್ಲಾಂಕ್ ಸ್ಥಿರಾಂಕವನ್ನು (ಮುಂದೆ ಇದನ್ನು ಮೊಟಕು ಪ್ಲಾಂಕ್ ಸ್ಥಿರಾಂಕ ಎನ್ನೋಣ) ವೇಗೋತ್ಕರ್ಷದಿಂದ ಗುಣಿಸಿ, 2 ಪೈ, ಬೆಳಕಿನ ವೇಗ ಮತ್ತು ಬೋಲ್ಟ್ಸ್‌ಮನ್ ಸ್ಥಿರಾಂಕಗಳ ಗುಣಲಬ್ಧದಿಂದ ಭಾಗಿಸಬೇಕು. ಇದು ಕೆಂಪು ಸಾಲು. ದಿಗಂತದ ಹತ್ತಿರ ಕದಲದೆ ನಿಲ್ಲಬೇಕಾದವನಿಗೆ ಬೇಕಾಗುವ ವೇಗೋತ್ಕರ್ಷ ದಿಗಂತ ಸಮೀಪಿಸಿದಂತೆ ಅನಂತಕ್ಕೆ ಹೋಗುತ್ತದೆ. ಅಲ್ಲಿಂದ ದೂರಕ್ಕೆ ಹೊರಡುವ ಬೆಳಕಿನ ಕೆಂಪುಪಲ್ಲಟದ ಗುಣಕ ಸೊನ್ನೆಗೆ ಇಳಿಯುತ್ತದೆ. ಎರಡರ ಗುಣಲಬ್ಧ ಮಾತ್ರ ಒಂದು ನಿಶ್ಚಿತ ಬೆಲೆಗೆ ಬಂದು ನಿಲ್ಲುತ್ತದೆ. ಅದೇ ದಿಗಂತದ ಮೇಲ್ಮೈ ಗುರುತ್ವ: ಬೆಳಕಿನ ವೇಗದ ನಾಲ್ಕನೇ ಘಾತವನ್ನು, 4 ಮತ್ತು ಗುರುತ್ವ ಸ್ಥಿರಾಂಕ ಮತ್ತು ದ್ರವ್ಯರಾಶಿಗಳ ಗುಣಲಬ್ಧದಿಂದ ಭಾಗಿಸಿದ್ದು. ಇದನ್ನು ಅನ್ರು ಸೂತ್ರದಲ್ಲಿ ವೇಗೋತ್ಕರ್ಷದ ಜಾಗದಲ್ಲಿಟ್ಟರೆ 1974ರಲ್ಲಿ ಹಾಕಿಂಗ್ ಪ್ರಕಟಿಸಿದ ಉಷ್ಣತೆಯೇ ಬರುತ್ತದೆ.

ಸೂತ್ರವನ್ನು ನೋಡಿ ತೃಪ್ತರಾಗದೆ ಸೂರ್ಯನ ದ್ರವ್ಯರಾಶಿಗೆ ಅಂಕಿಗಳನ್ನು ಹಾಕಿ ನೋಡಿ. ಅಂಶದಲ್ಲಿ ಮೊಟಕು ಪ್ಲಾಂಕ್ ಸ್ಥಿರಾಂಕವಾದ 1.055 × 10⁻³⁴ನ್ನು ಬೆಳಕಿನ ವೇಗದ ಘನವಾದ 2.694 × 10²⁵ರಿಂದ ಗುಣಿಸಿದರೆ 2.84 × 10⁻⁹. ಛೇದದಲ್ಲಿ ಗುರುತ್ವ ಸ್ಥಿರಾಂಕ ಮತ್ತು ಸೂರ್ಯನ ದ್ರವ್ಯರಾಶಿಗಳ ಗುಣಲಬ್ಧ 1.327 × 10²⁰; ಅದನ್ನು ಬೋಲ್ಟ್ಸ್‌ಮನ್ ಸ್ಥಿರಾಂಕವಾದ 1.381 × 10⁻²³ರಿಂದಲೂ 8 ಪೈ, ಅಂದರೆ 25.13ರಿಂದಲೂ ಗುಣಿಸಿದರೆ 4.61 × 10⁻². ಭಾಗಿಸಿದಾಗ 6.17 × 10⁻⁸ ಕೆಲ್ವಿನ್. ಮಾನಗಳನ್ನೂ ಸಾಲಿನುದ್ದಕ್ಕೂ ಬರೆಯಿರಿ, ಏಕೆಂದರೆ ಜೂಲ್, ಮೀಟರ್, ಸೆಕೆಂಡುಗಳೆಲ್ಲ ಹೊಡೆದುಹೋಗಿ ಕೆಲ್ವಿನ್ ಒಂದೇ ಉಳಿಯುವುದನ್ನು ಕಣ್ಣಾರೆ ಕಂಡವರು ಈ ಸೂತ್ರವನ್ನು ಮರೆಯುವುದಿಲ್ಲ. ಆಕಾಶವನ್ನು ತುಂಬಿರುವ ಸೂಕ್ಷ್ಮತರಂಗ ಹಿನ್ನೆಲೆ ವಿಕಿರಣದ ಉಷ್ಣತೆ 2.725 ಕೆಲ್ವಿನ್ ಆಗಿರುವುದರಿಂದ ಈಗಿನ ವಿಶ್ವದಲ್ಲಿ ನಕ್ಷತ್ರದಷ್ಟು ಭಾರದ ಯಾವ ಕಪ್ಪುಕುಳಿಯೂ ಕರಗುತ್ತಿಲ್ಲ. ಅದು ಕೊಡುವುದಕ್ಕಿಂತ ಪಡೆಯುವುದೇ ಹೆಚ್ಚು. ಹಿನ್ನೆಲೆಗಿಂತ ಬಿಸಿಯಾಗಿರಬೇಕಾದರೆ ಕುಳಿಯ ದ್ರವ್ಯರಾಶಿ ಸುಮಾರು 4.5 × 10²² ಕಿ.ಗ್ರಾಂಗಿಂತ, ಅಂದರೆ ಚಂದ್ರನ ದ್ರವ್ಯರಾಶಿಯ ಸುಮಾರು ಶೇ. 60 ಭಾಗಕ್ಕಿಂತಲೂ ಕಡಿಮೆ ಇರಬೇಕು.

ಈಗ ಹಿಂದಿನ ಪುಟಕ್ಕೆ ಮರಳಿ, ಅನ್ರು ಸೂತ್ರವನ್ನು ದಿಗಂತಕ್ಕೆ ಹಚ್ಚಿದ ಜಾಗವನ್ನು ನೋಡಿ. ಅಲ್ಲಿ ನಾವು ಬಾಯಿಬಿಟ್ಟು ಹೇಳದ ಒಂದು ಊಹೆಯಿದೆ: ದಿಗಂತದ ಮೂಲಕ ಸ್ವತಂತ್ರವಾಗಿ ಬೀಳುವವನಿಗೆ ಅಲ್ಲಿ ನಿರ್ವಾತವಲ್ಲದೆ ಬೇರೇನೂ ಕಾಣುವುದಿಲ್ಲ ಎಂಬುದು. ಇದು ಸಮಾನತಾ ತತ್ವದ ಮಾತಾದ್ದರಿಂದ ನೀಲಿಯೆನ್ನಬಹುದು, ಕ್ವಾಂಟಂ ಕ್ಷೇತ್ರದ ಸ್ಥಿತಿಯ ಕುರಿತ ಮಾತಾದ್ದರಿಂದ ಕೆಂಪೆನ್ನಬಹುದು. ಪೆನ್ಸಿಲ್ ಸಾಲುಗಳಲ್ಲಿ ಇದೇ ಮೊದಲನೆಯದು.

ಹಾಕಿಂಗ್ ಅವರ ಮೂಲ ಲೆಕ್ಕದ ಒಳಗೆ

ಅನ್ರು ದಾರಿ ಉಷ್ಣತೆಯನ್ನು ಕೊಡುತ್ತದೆ, ಆದರೆ ವಿಕಿರಣ ನಿಜವಾಗಿ ಹೊರಗೆ ಹರಿಯುತ್ತದೆ ಎಂಬುದನ್ನು ಅದು ತೋರಿಸುವುದಿಲ್ಲ. ಅದಕ್ಕೆ ಕುಸಿಯುತ್ತಿರುವ ನಕ್ಷತ್ರ ಬೇಕು. ಕುಸಿತಕ್ಕೆ ಮುಂಚೆ ನಿರ್ವಾತದಲ್ಲಿದ್ದ ಕ್ಷೇತ್ರದ ತರಂಗವೊಂದು ನಕ್ಷತ್ರದೊಳಗೆ ನುಗ್ಗಿ, ದಿಗಂತ ಮೂಡುವುದಕ್ಕೆ ಸ್ವಲ್ಪ ಮುಂಚೆ ಹೊರಬಂದು ದೂರದ ವೀಕ್ಷಕನನ್ನು ತಲುಪುತ್ತದೆ. ನಿಲ್ದಾಣ ಬಿಟ್ಟು ಹೋಗುವ ರೈಲಿನ ಸೀಟಿಯ ಸ್ವರ ಒಮ್ಮೆ ಇಳಿದು ಅಲ್ಲೇ ನಿಲ್ಲುತ್ತದೆ. ಇಲ್ಲಿಯ ಸ್ವರ ಸಮನಾದ ಪ್ರತಿಯೊಂದು ಕಾಲಾವಧಿಯಲ್ಲೂ ಒಂದೇ ಅನುಪಾತದಲ್ಲಿ ಇಳಿಯುತ್ತಲೇ ಹೋಗುತ್ತದೆ. ಈ ಘಾತೀಯ ಇಳಿತದ ದರವೇ ಮೇಲ್ಮೈ ಗುರುತ್ವ. ಇಷ್ಟೂ ನೀಲಿ.

ಹೀಗೆ ಎಳೆಯಲ್ಪಟ್ಟ ತರಂಗವನ್ನು ದೂರದ ವೀಕ್ಷಕನ ಶುದ್ಧ ಆವೃತ್ತಿಗಳಾಗಿ ಬಿಡಿಸಿದರೆ ಧನ ಆವೃತ್ತಿಯ ಭಾಗದ ಜೊತೆಗೆ ಋಣ ಆವೃತ್ತಿಯ ಭಾಗವೂ ಸಿಗುತ್ತದೆ. ಫೋರಿಯರ್ ಪರಿವರ್ತನೆಯನ್ನು ಮಾಡಿದಾಗ ಗಾಮಾ ಫಲನ ಬರುತ್ತದೆ, ಮತ್ತು ಎರಡು ಭಾಗಗಳ ಪ್ರಮಾಣದ ವರ್ಗಗಳ ಅನುಪಾತವು ಆವೃತ್ತಿಯ 2 ಪೈ ಪಟ್ಟನ್ನು ಇಳಿತದ ದರದಿಂದ ಭಾಗಿಸಿದ ಸಂಖ್ಯೆಯನ್ನು ಋಣ ಘಾತವಾಗಿ e ಮೇಲೆ ಏರಿಸಿದ್ದಾಗಿರುತ್ತದೆ. ಬೋಸಾನುಗಳಿಗೆ ಆ ಎರಡು ವರ್ಗಗಳ ವ್ಯತ್ಯಾಸ ಒಂದು ಎಂಬ ನಿಯಮವನ್ನು ಸೇರಿಸಿದರೆ ಪ್ಲಾಂಕ್ ಹಂಚಿಕೆ ಎದುರಿಗೆ ನಿಲ್ಲುತ್ತದೆ. ಈ ಬೊಗೊಲ್ಯುಬೋವ್ ಲೆಕ್ಕವನ್ನು ವಿದ್ಯಾರ್ಥಿಗಳು ಎರಡು ಶಾಯಿಯಲ್ಲಿ ಬರೆದಾಗ ಕಾಣುವ ಒಂದು ಸಂಗತಿ ಬಹಳ ಮುಖ್ಯವಾದದ್ದು: ಪ್ಲಾಂಕ್ ಸ್ಥಿರಾಂಕ ಈ ಗಣಿತದಲ್ಲಿ ಎಲ್ಲಿಯೂ ಇಲ್ಲ. ತರಂಗಗಳ ಮಿಶ್ರಣ ಸಂಪೂರ್ಣ ಶಾಸ್ತ್ರೀಯ ಸಂಗತಿ. ಕೆಂಪು ಶಾಯಿ ಎರಡೇ ಕಡೆ ಬೇಕಾಗುತ್ತದೆ, ಋಣ ಆವೃತ್ತಿಯ ಭಾಗವನ್ನು ಕಣಗಳ ಸಂಖ್ಯೆ ಎಂದು ಓದುವಾಗ ಮತ್ತು ಆವೃತ್ತಿಯನ್ನು ಶಕ್ತಿಯಾಗಿ ಬದಲಿಸುವಾಗ. ಎರಡು ಸಿದ್ಧಾಂತಗಳು ಇಲ್ಲಿ ಎಷ್ಟು ಸಲೀಸಾಗಿ ಕೂಡಿ ನಡೆಯುತ್ತವೆ ಎಂಬುದನ್ನು ಗಮನಿಸದೆ ಅವುಗಳ ಜಗಳದ ಬಗ್ಗೆ ಮಾತಾಡುವುದು ನ್ಯಾಯವಲ್ಲ.

ಹೊರಟ ವಿಕಿರಣವೆಲ್ಲ ದೂರ ತಲುಪುವುದಿಲ್ಲ. ದಿಗಂತದ ತ್ರಿಜ್ಯದ ಸುಮಾರು ಒಂದೂವರೆ ಪಟ್ಟು ದೂರದಲ್ಲಿ ಗುರುತ್ವವೇ ಒಡ್ಡಿದ ತಡೆಯೊಂದಿದೆ, ಅದು ಉದ್ದ ತರಂಗಗಳನ್ನು ಹಿಂದಕ್ಕೆ ಕಳಿಸುತ್ತದೆ. ಮುಂದೆ ಬೆಂಗಳೂರಿನ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದ ಸಿ. ವಿ. ವಿಶ್ವೇಶ್ವರ ಅವರು 1970ರಲ್ಲಿ ಕಪ್ಪುಕುಳಿಯ ಮೇಲೆ ಗುರುತ್ವ ತರಂಗಗಳನ್ನು ಚದುರಿಸಿ ಲೆಕ್ಕ ಹಾಕಿದ್ದು ಈ ಬಗೆಯ ತಡೆಯನ್ನೇ. ಕುಳಿಯ ಕಂಪನದ ಸ್ವರವನ್ನು ಕೊಡುವ ಗಣಿತವೇ ಹಾಕಿಂಗ್ ವಿಕಿರಣದ ಸೋಸುವಿಕೆಯನ್ನೂ ಕೊಡುತ್ತದೆ ಎಂಬುದನ್ನು ಕನ್ನಡದ ವಿದ್ಯಾರ್ಥಿಗಳಿಗೆ ತಪ್ಪದೆ ಹೇಳಬೇಕು.

ಪೆನ್ಸಿಲ್ ಸಾಲುಗಳು ಹೆಚ್ಚುವ ಜಾಗ

ಸೂರ್ಯನಷ್ಟು ಭಾರದ ಕುಳಿಗೆ ಘಾತೀಯ ಇಳಿತದ ಕಾಲಮಾನ ಸುಮಾರು 20 ಮೈಕ್ರೋಸೆಕೆಂಡು. ಈಗ ದೂರದಲ್ಲಿ ಕಂಡ ಒಂದು ತರಂಗವನ್ನು ಹಿಂದಕ್ಕೆ ಹಿಂಬಾಲಿಸಿ ಅದರ ಆರಂಭದ ಆವೃತ್ತಿಯನ್ನು ಕೇಳಿ. ಕುಳಿ ರೂಪುಗೊಂಡ ಮೇಲೆ ಎರಡು ಮಿಲಿಸೆಕೆಂಡು ಕಳೆಯುವಷ್ಟರಲ್ಲಿ ಉತ್ತರವು ಪ್ಲಾಂಕ್ ಆವೃತ್ತಿಯನ್ನು, ಅಂದರೆ ಸೆಕೆಂಡಿಗೆ 10⁴³ರ ಆಸುಪಾಸಿನ ಬೆಲೆಯನ್ನು, ದಾಟಿರುತ್ತದೆ. ಅಂಥ ಆವೃತ್ತಿಯಲ್ಲಿ ನೀಲಿ ಜ್ಯಾಮಿತಿಗೇ ಅರ್ಥವಿದೆಯೋ ಇಲ್ಲವೋ ಎಂದು ಹೇಳುವ ಸಿದ್ಧಾಂತ ನಮ್ಮ ಕೈಯಲ್ಲಿಲ್ಲ. ಲೆಕ್ಕ ಮಾತ್ರ ಏನೂ ಆಗದಂತೆ ಮುಂದುವರಿಯುತ್ತದೆ. ಇದು ಎರಡನೆಯ ಪೆನ್ಸಿಲ್ ಸಾಲು.

ಅನ್ರು ಅವರು 1981ರಲ್ಲಿ, ಶಬ್ದಕ್ಕಿಂತ ವೇಗವಾಗಿ ಹರಿಯುವ ದ್ರವದಲ್ಲಿ ಶಬ್ದಕ್ಕೂ ದಿಗಂತ ಮೂಡುತ್ತದೆ, ಅಲ್ಲಿಯೂ ಇದೇ ಬಗೆಯ ವಿಕಿರಣ ಇರಬೇಕು ಎಂದು ತೋರಿಸಿದರು. ದ್ರವದಲ್ಲಿ ಅತಿ ಹೆಚ್ಚಿನ ಆವೃತ್ತಿಯಲ್ಲಿ ಏನಾಗುತ್ತದೆ ಎಂಬುದು ಗೊತ್ತಿರುವುದರಿಂದ, ಅಲ್ಲಿ ಶಬ್ದದ ನಿಯಮ ಬದಲಾದರೂ ವಿಕಿರಣದ ಉಷ್ಣತೆ ಬಹುಪಾಲು ಹಾಗೆಯೇ ಉಳಿಯುತ್ತದೆ ಎಂಬುದನ್ನು 1995ರಲ್ಲಿ ಅವರೇ ಗಣಕದಲ್ಲಿ ಪರೀಕ್ಷಿಸಿದರು. ಇಸ್ರೇಲಿನ ಟೆಕ್ನಿಯಾನ್‌ನಲ್ಲಿ ಸ್ಟೈನ್‌ಹಾವರ್ ಅವರ ತಂಡ ಬೋಸ್–ಐನ್‌ಸ್ಟೈನ್ ಸಾಂದ್ರಕದಲ್ಲಿ (ಅತಿ ತಣ್ಣಗಾಗಿಸಿದ ಪರಮಾಣುಗಳ ಸಮೂಹದಲ್ಲಿ) ಇಂಥ ದಿಗಂತವನ್ನು ನಿರ್ಮಿಸಿ 2016 ಮತ್ತು 2019ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿತು. ಇವನ್ನು ಓದುವಾಗ ಒಂದು ಎಚ್ಚರ ಬೇಕು. ಈ ಪ್ರಯೋಗಗಳು ತರಂಗಗಳ ಮಿಶ್ರಣದ ಭಾಗವನ್ನು ಪರೀಕ್ಷಿಸುತ್ತವೆ. ಐನ್‌ಸ್ಟೈನ್ ಸಮೀಕರಣವನ್ನು ಮುಟ್ಟುವುದಿಲ್ಲ.

ಮೂರನೆಯ ಸಾಲು ಕುಳಿ ಸವೆಯುವ ಕುರಿತದ್ದು. ಕುಳಿಯ ದಿಗಂತದ ವಿಸ್ತೀರ್ಣ ಎಂದೂ ಕಡಿಮೆಯಾಗುವುದಿಲ್ಲ ಎಂಬ 1971ರ ಹಾಕಿಂಗ್ ಪ್ರಮೇಯವು ಕೋಲ್ಕತ್ತದ ಅಮಲ್ ಕುಮಾರ್ ರಾಯ್‌ಚೌಧುರಿಯವರ 1955ರ ಸಮೀಕರಣವನ್ನು ಆಧರಿಸಿದ್ದು, ಶಕ್ತಿಸಾಂದ್ರತೆ ಋಣವಾಗಿರದು ಎಂದು ಅದು ಭಾವಿಸುತ್ತದೆ. ಕ್ವಾಂಟಂ ಕ್ಷೇತ್ರ ಆ ಷರತ್ತನ್ನು ಮುರಿಯಬಲ್ಲದು. ದಿಗಂತದೊಳಕ್ಕೆ ಋಣ ಶಕ್ತಿ ಹರಿಯುವುದರಿಂದಲೇ ಕುಳಿ ಕುಗ್ಗುತ್ತದೆ. ಇದನ್ನು ಬರೆಯಲು ಎಡಗಡೆ ನೀಲಿಯಲ್ಲಿ ಜ್ಯಾಮಿತಿಯನ್ನೂ ಬಲಗಡೆ ಕೆಂಪಿನಲ್ಲಿ ಕ್ಷೇತ್ರದ ಶಕ್ತಿಯ ಸರಾಸರಿ ಬೆಲೆಯನ್ನೂ ಇಟ್ಟು ನಡುವೆ ಸಮ ಚಿಹ್ನೆ ಹಾಕಬೇಕಾಗುತ್ತದೆ. ಆ ಸಮ ಚಿಹ್ನೆಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಸೂರ್ಯನಷ್ಟು ಭಾರದ ಕುಳಿ ಪೂರ್ತಿ ಸವೆಯಲು 10⁶⁷ ವರ್ಷಗಳಿಗೂ ಹೆಚ್ಚು ಬೇಕಾಗುವುದರಿಂದ, ಸರಾಸರಿಯನ್ನು ಬಳಸುವುದು ಬಹುಕಾಲದವರೆಗೆ ಸುರಕ್ಷಿತವೆಂದು ತೋರುತ್ತದೆ.

ತೋರುತ್ತದೆ ಎಂದೇ ಹೇಳಬೇಕು. ಬೆಕೆನ್‌ಸ್ಟೈನ್ ಸೂಚಿಸಿ ಹಾಕಿಂಗ್ ಖಚಿತಪಡಿಸಿದಂತೆ ಕುಳಿಯ ಎಂಟ್ರೊಪಿ ದಿಗಂತದ ವಿಸ್ತೀರ್ಣಕ್ಕೆ ಅನುಪಾತದಲ್ಲಿದೆ. ಹೊರಬರುವ ಪ್ರತಿ ಕಣವೂ ಒಳಗಿನ ಜೊತೆಗಾರನೊಂದಿಗೆ ಕ್ವಾಂಟಂ ನಂಟನ್ನು ಉಳಿಸಿಕೊಂಡಿರುವುದರಿಂದ, ಹಾಕಿಂಗ್ ಲೆಕ್ಕದ ಪ್ರಕಾರ ವಿಕಿರಣದ ಎಂಟ್ರೊಪಿ ಏರುತ್ತಲೇ ಹೋಗುತ್ತದೆ. ಕ್ವಾಂಟಂ ವಿಕಾಸ ಮಾಹಿತಿಯನ್ನು ಕಳೆಯುವುದಿಲ್ಲವಾದರೆ ಅದು ಒಂದು ಹಂತದ ನಂತರ ಇಳಿಯಬೇಕು ಎಂದು ಡಾನ್ ಪೇಜ್ 1993ರಲ್ಲಿ ತೋರಿಸಿದರು. ಆ ಹಂತ ಬರುವುದು ಕುಳಿಯ ವಿಸ್ತೀರ್ಣ ಸುಮಾರು ಅರ್ಧಕ್ಕೆ ಇಳಿದಾಗ, ಅಂದರೆ ಅದರ ದ್ರವ್ಯರಾಶಿಯ ಸುಮಾರು ಶೇ. 70 ಭಾಗ ಇನ್ನೂ ಉಳಿದಿರುವಾಗ. ಕುಳಿ ಆಗಲೂ ಭಾರಿಯಾಗಿದೆ, ದಿಗಂತದ ಬಳಿ ವಕ್ರತೆ ಕಡಿಮೆಯಿದೆ, ಪ್ಲಾಂಕ್ ಮಾನದ ಯಾವ ಸಂಗತಿಯೂ ಹತ್ತಿರದಲ್ಲಿಲ್ಲ. ಸಣ್ಣ ತಿದ್ದುಪಡಿಗಳಿಂದ ಈ ಏರಿಕೆ ಇಳಿಕೆಯಾಗಲಾರದು ಎಂದು 2009ರಲ್ಲಿ ಸಮೀರ್ ಮಾಥುರ್ ಸಾಧಿಸಿದರು. ನಾವು ಹುಡುಕುತ್ತಿದ್ದ ಸಾಲು ಇದೇ. ಎರಡು ಸಿದ್ಧಾಂತಗಳು ಇಲ್ಲಿ ನೇರವಾಗಿ ಬೇರೆ ಬೇರೆ ಉತ್ತರ ಕೊಡುತ್ತವೆ, ಅದೂ ಎರಡೂ ಸರಿಯಾಗಿ ಕೆಲಸ ಮಾಡಬೇಕಾದ ಜಾಗದಲ್ಲಿ.

ಇಲ್ಲಿಗೆ ಬಂದ ಮೇಲೆ ಮೊದಲ ಪೆನ್ಸಿಲ್ ಸಾಲನ್ನು ಮತ್ತೆ ಓದಿ. ಮಾಹಿತಿ ಉಳಿಯುತ್ತದೆ, ದಿಗಂತದ ಹೊರಗೆ ಸಾಧಾರಣ ಕ್ಷೇತ್ರ ಸಿದ್ಧಾಂತ ನಡೆಯುತ್ತದೆ, ಬೀಳುವವನಿಗೆ ದಿಗಂತದಲ್ಲಿ ವಿಶೇಷವೇನೂ ಕಾಣುವುದಿಲ್ಲ ಎಂಬ ಮೂರನ್ನೂ ಒಟ್ಟಿಗೆ ಹಿಡಿಯಲಾಗದು ಎಂದು ಆಲ್ಮ್‌ಹೇರಿ, ಮರೊಲ್ಫ್, ಪೊಲ್ಚಿನ್‌ಸ್ಕಿ ಮತ್ತು ಸಲ್ಲಿ 2012ರಲ್ಲಿ ವಾದಿಸಿದರು. 2019ರಲ್ಲಿ ಪೆನಿಂಗ್‌ಟನ್ ಒಂದು ಕಡೆ, ಆಲ್ಮ್‌ಹೇರಿ ಮತ್ತು ಸಂಗಡಿಗರು ಇನ್ನೊಂದು ಕಡೆ, ಗುರುತ್ವದ ಲೆಕ್ಕದಿಂದಲೇ ಪೇಜ್ ಅವರ ಇಳಿಯುವ ವಕ್ರರೇಖೆಯನ್ನು ಪಡೆದರು: ವಿಕಿರಣದ ಎಂಟ್ರೊಪಿಯನ್ನು ಲೆಕ್ಕ ಹಾಕುವಾಗ ಕುಳಿಯ ಒಳಭಾಗದ ಒಂದು ಪ್ರದೇಶವನ್ನೂ ಸೇರಿಸಬೇಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಇದು ದೊಡ್ಡ ಹೆಜ್ಜೆಯಾದರೂ ಅಂತಿಮವಲ್ಲ. ಎಂಟ್ರೊಪಿ ಎಷ್ಟು ಎಂಬುದು ಸಿಕ್ಕಿತು, ಮಾಹಿತಿ ಯಾವ ಮಾರ್ಗವಾಗಿ ಹೊರಬರುತ್ತದೆ ಎಂಬುದು ಸಿಗಲಿಲ್ಲ. ಈ ಲೆಕ್ಕಗಳು ನಡೆಯುವ ಮಾದರಿಗಳಲ್ಲಿ ಗುರುತ್ವವು ನಮ್ಮ ಜಗತ್ತಿನ ದೂರಗಾಮಿ ಗುರುತ್ವದಂತೆ ಇದೆಯೇ ಎಂಬ ಗಂಭೀರ ಪ್ರಶ್ನೆಯನ್ನು ಬೆಂಗಳೂರಿನ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರದ (ಐಸಿಟಿಎಸ್) ಸುವ್ರತ್ ರಾಜು ಮತ್ತು ಅವರ ಸಹೋದ್ಯೋಗಿಗಳು ಎತ್ತಿದ್ದಾರೆ.

ಲ್ಯಾಪ್‌ಟಾಪಿನಲ್ಲಿ ಪೇಜ್ ರೇಖೆ

ಪೇಜ್ ಅವರ ಮಾತನ್ನು ಸಾಧಾರಣ ಲ್ಯಾಪ್‌ಟಾಪಿನಲ್ಲೇ ಪರೀಕ್ಷಿಸಬಹುದು. ಪೈಥಾನ್‌ನಲ್ಲಿ 12 ಕ್ಯೂಬಿಟ್‌ಗಳ (ಕ್ವಾಂಟಂ ಬಿಟ್‌ಗಳ) ಒಂದು ಯಾದೃಚ್ಛಿಕ ಸ್ಥಿತಿಯನ್ನು ತಯಾರಿಸಿ. ಅದಕ್ಕೆ 4096 ಸಂಮಿಶ್ರ ಸಂಖ್ಯೆಗಳು ಬೇಕು. ಅವನ್ನು ಗೌಸಿಯನ್ ಹಂಚಿಕೆಯಿಂದ ಆರಿಸಿ, ವರ್ಗಗಳ ಮೊತ್ತ ಒಂದಾಗುವಂತೆ ಸರಿಹೊಂದಿಸಿ. ಮೊದಲ ಕೆಲವು ಕ್ಯೂಬಿಟ್‌ಗಳನ್ನು ಹೊರಬಂದ ವಿಕಿರಣವೆಂದೂ ಉಳಿದವನ್ನು ಕುಳಿಯೆಂದೂ ಭಾವಿಸಿ, ಸಂಖ್ಯೆಗಳನ್ನು ಅದಕ್ಕೆ ತಕ್ಕ ಅಡ್ಡಸಾಲು ಮತ್ತು ಕಂಬಸಾಲುಗಳ ಮ್ಯಾಟ್ರಿಕ್ಸ್ ಆಗಿ ಜೋಡಿಸಿ. ಅದರ ಸಿಂಗ್ಯುಲರ್ ಬೆಲೆಗಳ ವರ್ಗಗಳೇ ಸಂಭವನೀಯತೆಗಳು, ಅವುಗಳಿಂದ ಎಂಟ್ರೊಪಿ ಕಂಡುಹಿಡಿಯಿರಿ. ಹೊರಬಂದ ಕ್ಯೂಬಿಟ್‌ಗಳ ಸಂಖ್ಯೆಯನ್ನು 1ರಿಂದ 11ರವರೆಗೆ ಬದಲಿಸುತ್ತ ಗ್ರಾಫ್ ಹಾಕಿದರೆ ಎಂಟ್ರೊಪಿ 3ರಲ್ಲಿ ಬಹುತೇಕ ಪೂರ್ತಿ 3 ಬಿಟ್ ಇರುತ್ತದೆ, 6ರಲ್ಲಿ ಸುಮಾರು 5.28 ಬಿಟ್ ತಲುಪುತ್ತದೆ, ಆಮೇಲೆ ಏರಿದ ರೀತಿಯಲ್ಲೇ ಇಳಿಯುತ್ತದೆ. ಅದೇ ಗ್ರಾಫಿನ ಮೇಲೆ ಪ್ರತಿ ಕ್ಯೂಬಿಟ್‌ಗೆ ಒಂದು ಬಿಟ್ ಏರುವ ಹಾಕಿಂಗ್ ರೇಖೆಯನ್ನೂ ಎಳೆಯಿರಿ. 12ರ ಬದಲು 16 ಕ್ಯೂಬಿಟ್ ತೆಗೆದುಕೊಂಡರೆ ರೇಖೆಗಳು ಅಗಲುವ ಜಾಗ 8ಕ್ಕೆ ಸರಿಯುತ್ತದೆ, ಆದರೆ ಮಧ್ಯದಲ್ಲಿ ಕಾಣುವ ಸುಮಾರು 0.72 ಬಿಟ್ ಕೊರತೆ ಬದಲಾಗುವುದಿಲ್ಲ. ಅದು ಏಕೆ ಬದಲಾಗುವುದಿಲ್ಲ ಎಂಬುದನ್ನು ಕಾಗದದ ಮೇಲೆ ಸಾಧಿಸಿದ ವಿದ್ಯಾರ್ಥಿಗೆ ಪೇಜ್ ಅವರ 1993ರ ಪ್ರಬಂಧವನ್ನು ಯಾರ ನೆರವೂ ಇಲ್ಲದೆ ಓದಲು ಬರುತ್ತದೆ.